ಸಿಗ್ನಲ್ ಇಲ್ಲದ ರೇಡಿಯೊದಲ್ಲಿ ಮಗಳ ದನಿ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬುವವನಲ್ಲ. ಬೇರೆಯವರು ಹೇಳಿದರೆ ಕೇಳುತ್ತಿದ್ದೆ, ಕೇಳಿ ನಗುತ್ತಿದ್ದೆ. ಬಹರೇನ್‌ನ ಹೂರಾದಲ್ಲಿ ನಾವಿದ್ದ ಕಟ್ಟಡದ ಲಿಫ್ಟು ಯಾರೂ ಗುಂಡಿ ಒತ್ತದೆ ನಾಲ್ಕನೇ ಮಹಡಿಗೆ ಹೋಗಿ ನಿಲ್ಲುತ್ತದೆ, ಅಲ್ಲಿ ಹಿಂದೆ ಯಾರೋ ಸತ್ತಿದ್ದರಂತೆ ಎಂದು ಅಕ್ಕಪಕ್ಕದವರು ಪಿಸುಗುಟ್ಟುತ್ತಿದ್ದರು. ಸ್ಕ್ರೂಡ್ರೈವರ್ ಹಿಡಿದುಕೊಂಡು ಹೋಗಿ, ಗುಂಡಿಯ ಹಿಂದಿನ ವೈರು ಸಡಿಲವಾಗಿದ್ದನ್ನು ಎಲ್ಲರಿಗೂ ತೋರಿಸಿ ಬಂದವನು ನಾನೇ. ನನ್ನ ಕೆಲಸವೂ ಅಂಥದ್ದೇ. ಕಾರ್ಖಾನೆಯಲ್ಲಿ ಶಾಖ, ಒತ್ತಡ ಅಳೆಯುವ ಮೀಟರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷೆ ಮಾಡುವ ಇಂಜಿನಿಯರ್. ಮೀಟರು ತೋರಿಸದಿದ್ದರೆ ನನ್ನ ಪಾಲಿಗೆ ಅದು ಇಲ್ಲವೇ ಇಲ್ಲ. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯ ಮಾಡುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ.

ಇದು ಎರಡು ಸಾವಿರದ ಎಂಟು, ಒಂಬತ್ತರ ಸುಮಾರಿನ ಮಾತು. ಅದಕ್ಕೆ ಒಂದು ವರ್ಷ ಮೊದಲು ನನ್ನ ಹೆಂಡತಿ ಉಷಾಳಿಗೆ ತುಮಕೂರಿನಲ್ಲಿ ಸರ್ಕಾರಿ ಹೈಸ್ಕೂಲಿನ ಟೀಚರ್ ಕೆಲಸದ ಆರ್ಡರ್ ಬಂದಿತ್ತು. ಎಂದೋ ಬರೆದ ಪರೀಕ್ಷೆ, ನಾವಿಬ್ಬರೂ ಮರೆತೇಬಿಟ್ಟಿದ್ದೆವು. ಸರ್ಕಾರಿ ನೌಕರಿಯನ್ನು ಬೇಡವೆನ್ನುವ ಧೈರ್ಯ ನಮ್ಮ ಕಡೆ ಯಾರಿಗಿರುತ್ತದೆ? ಅವಳು ಐದೂವರೆ ವರ್ಷದ ಮಗಳು ನಿಧಿಯನ್ನು ಕರೆದುಕೊಂಡು ಊರಿಗೆ ಹೋದಳು. ಇನ್ನೆರಡು ವರ್ಷ ದುಡಿದು ನಾನೂ ಬಂದುಬಿಡುವುದು ಎಂದು ಮಾತಾಯಿತು. ಗಲ್ಫಿನಲ್ಲಿರುವವರೆಲ್ಲ ಹೀಗೆಯೇ ಇನ್ನೆರಡು ವರ್ಷ ಎನ್ನುತ್ತಾರೆ.

ಮನೆಯಲ್ಲಿ ಒಬ್ಬನೇ ಇರಲಾರದೆ ಒಂದು ಕಾರು ಕೊಂಡೆ. ಜುಫೈರ್‌ನಲ್ಲಿದ್ದ ಅಮೆರಿಕದ ನೌಕಾದಳದವನೊಬ್ಬ ತನ್ನ ದೇಶಕ್ಕೆ ಹಿಂದಿರುಗುವಾಗ ಮಾರಿಹೋದದ್ದು. ದೊಡ್ಡ ಕಾರು, ಎಲ್ಲ ಸರಿಯಾಗಿಯೇ ಇತ್ತು, ವೇಗ ಮಾತ್ರ ಮೈಲಿಯಲ್ಲಿ ತೋರಿಸುತ್ತಿತ್ತು. ಇನ್ನೊಂದು ತೊಂದರೆಯೆಂದರೆ ಅದರ ರೇಡಿಯೊ. ಕಂಪನಿಯವರೇ ಕೂಡಿಸಿ ಕಳಿಸಿದ ಸ್ಯಾಟಲೈಟ್ ರೇಡಿಯೊ ಅದು. ಎಫ್.ಎಂ.ನಲ್ಲಿ ಹಾಡು ಕೇಳುತ್ತಾ ಹೋಗುತ್ತಿದ್ದರೆ ಇದ್ದಕ್ಕಿದ್ದಂತೆ ತಾನೇ ಸ್ಯಾಟಲೈಟಿಗೆ ಹಾರಿ ಮೌನವಾಗಿಬಿಡುತ್ತಿತ್ತು. ನೀಲಿ ಪರದೆಯ ಮೇಲೆ 'ಅಕ್ವೈರಿಂಗ್ ಸಿಗ್ನಲ್' ಎಂಬ ಅಕ್ಷರಗಳು. ಸಿಗ್ನಲ್ ಹುಡುಕುತ್ತಿದೆಯಂತೆ! ಮತ್ತೆ ಎಫ್.ಎಂ.ಗೆ ತಂದರೆ ಎರಡು ನಿಮಿಷ ಸುಮ್ಮನಿದ್ದು ಪುನಃ ಅದೇ ಚಾಳಿ.

ಸಿತ್ರಾದ ಗ್ಯಾರೇಜಿನಲ್ಲಿ ಸುಧಾಕರಣ್ಣ ಎಂಬ ಕಾರ್ಕಳ ಕಡೆಯ ಮೆಕ್ಯಾನಿಕ್ ಇದ್ದರು. ಅವರಿಗೆ ತೋರಿಸಿದೆ.

"ಇದು ಇಲ್ಲಿ ಕೆಲಸ ಮಾಡುದಿಲ್ಲ ಸರ್. ಇದರ ಸ್ಯಾಟಲೈಟ್ ಉಂಟಲ್ಲ, ಅದು ಅಮೆರಿಕದ ತಲೆ ಮೇಲೆ ಇರುದು. ಇಲ್ಲಿ ಅದು ಎಷ್ಟು ಹುಡುಕಿದರೂ ಎಂಥದೂ ಸಿಕ್ಕುದಿಲ್ಲ" ಎಂದರು.

"ಹಾಗಾದರೆ ತೆಗೆದುಹಾಕಿ."

"ತೆಗೆದರೆ ಡ್ಯಾಶ್‌ಬೋರ್ಡ್ ಇಡೀ ಬಿಚ್ಚಬೇಕು ಮಾರಾಯ್ರೆ. ಹುಡುಕಿದರೆ ಹುಡುಕಲಿ ಬಿಡಿ, ಅದೇನು ನಿಮ್ಮ ಹತ್ರ ಅನ್ನ ಕೇಳ್ತದಾ?"

ನಾನೂ ನಕ್ಕು ಬಿಟ್ಟುಬಿಟ್ಟೆ.

ಇನ್ನು ಮಗಳ ವಿಷಯ. ಪ್ರತಿ ಶುಕ್ರವಾರ ರಜೆ, ಅಂದು ಸಂಜೆ ಊರಿಗೆ ಫೋನು. ಉಷಾ ಮಾತಾಡುತ್ತಿದ್ದಳು, ಆಮೇಲೆ ನಮ್ಮತ್ತೆ, ಕೊನೆಗೆ ನಿಧಿಯ ಕೈಗೆ ಫೋನು ಬರುತ್ತಿತ್ತು. ನಾನು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಊಟ ಆಯ್ತಾ? ಏನು ಊಟ? ಜಾಣೆ ಥರ ಇದೀಯ ತಾನೇ? ಮಗುವಿನ ಜತೆ ಮಾತಾಡಲು ನನಗೆ ಬರುತ್ತಿದ್ದದ್ದೇ ಅಷ್ಟು, ನಾಚಿಕೆಗೇಡು. ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಯಾವಾಗ ಬರ್ತೀಯ? ನಾನು ಬರೋ ತಿಂಗಳು ಎನ್ನುತ್ತಿದ್ದೆ. ಗಲ್ಫಿನ ಅಪ್ಪಂದಿರ ಬಾಯಿಪಾಠ ಅದು. ದಸರೆಗೆ ಎಂದೆ, ಆಗಲಿಲ್ಲ. ಸಂಕ್ರಾಂತಿಗೆ ಎಂದೆ, ರಜೆ ಮಂಜೂರಾಗಿ ಆಮೇಲೆ ರದ್ದಾಯಿತು. ಅದಾದ ಮೇಲೆ ನಿಧಿ ಫೋನಿನ ಹತ್ತಿರ ಬರುವುದನ್ನೇ ನಿಲ್ಲಿಸಿದಳು. "ಬಾರೇ, ಅಪ್ಪ ಲೈನಲ್ಲಿದಾರೆ" ಎಂದು ಉಷಾ ಕೂಗುವುದು, ಆಚೆ ಚಪ್ಪಲಿಯ ಸದ್ದು ದೂರವಾಗುವುದು, ಇಷ್ಟೇ ನನಗೆ ಕೇಳುತ್ತಿತ್ತು. ಮೂರು ತಿಂಗಳು ನಾನು ನನ್ನ ಮಗಳ ದನಿ ಕೇಳಲಿಲ್ಲ. ಕಾರ್ಖಾನೆಯಲ್ಲಿ ಇಡೀ ದಿನ ಮೀಟರುಗಳ ಮುಂದೆ ನಿಂತಿದ್ದರೂ ಮನಸ್ಸೆಲ್ಲ ಆ ದನಿಯ ಮೇಲೆಯೇ ಇರುತ್ತಿತ್ತು.

ಆ ಶುಕ್ರವಾರ ಏಪ್ರಿಲ್ ತಿಂಗಳ ನಡುವೆ ಬಂದದ್ದು. ಸನದ್‌ನಲ್ಲಿದ್ದ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಸಾರು, ಹುರುಳಿಕಾಯಿ ಪಲ್ಯ, ಹಪ್ಪಳ. ಅವರ ಚಿಕ್ಕ ಮಗಳು ತಾನು ಬರೆದ ಚಿತ್ರಗಳನ್ನು ಒಂದೊಂದಾಗಿ ತಂದು ನನ್ನ ತೊಡೆಯ ಮೇಲಿಡುತ್ತಿದ್ದಳು. ಇನ್ನು ಕೂತರೆ ಅತ್ತುಬಿಡುತ್ತೇನೆ ಅನ್ನಿಸಿ ಕೆಲಸವಿದೆಯೆಂದು ಸುಳ್ಳು ಹೇಳಿ ಎದ್ದೆ. ಆಗ ಸಂಜೆ ನಾಲ್ಕರ ಹತ್ತಿರ. ಹೊರಗೆ ಚೆನ್ನಾಗಿ ಬೆಳಕಿತ್ತು, ರಸ್ತೆ ಖಾಲಿ, ಅಂಗಡಿಗಳ ಬಾಗಿಲು ಇನ್ನೂ ತೆರೆದಿರಲಿಲ್ಲ. ಕಾರು ಚಾಲೂ ಮಾಡಿ, ಎ.ಸಿ. ತಣ್ಣಗಾಗಲಿ ಎಂದು ಕೂತೆ.

ರೇಡಿಯೊ ಎಂದಿನಂತೆ ಸ್ಯಾಟಲೈಟಿಗೆ ಹಾರಿತು. ಹುಡುಕುತ್ತಿದೆ ಎಂಬ ಅಕ್ಷರಗಳು ಬಂದವು. ನಾನು ಕೈ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಬಟ್ಟೆ ಸರಿದಂಥ ಸದ್ದಾಯಿತು, ಯಾರೋ ಉಸಿರು ಬಿಟ್ಟರು.

"ಹಲೋ ಅಪ್ಪ. ಊಟ ಆಯ್ತಾ? ಏನು ಊಟ?"

ನಿಧಿಯ ದನಿ. ನನ್ನ ಪ್ರಶ್ನೆ, ನಾನು ಎಳೆದು ಕೇಳುವ ಅದೇ ಧಾಟಿ. ಮೊಬೈಲ್ ಎಲ್ಲಿದೆಯೆಂದು ತಡಕಿದೆ. ಅದು ಜೇಬಿನಲ್ಲೇ ಇತ್ತು, ಯಾವ ಕರೆಯೂ ಬಂದಿರಲಿಲ್ಲ. ದನಿ ಬರುತ್ತಿದ್ದದ್ದು ಕಾರಿನ ನಾಲ್ಕೂ ಬಾಗಿಲುಗಳ ಸ್ಪೀಕರಿನಿಂದ.

ಅವಳು ಮಾತಾಡುತ್ತಲೇ ಇದ್ದಳು. ಹಿಂದಿನ ಮನೆಯವರ ಬೆಕ್ಕು ಮರಿ ಹಾಕಿದ್ದು, ಅಜ್ಜಿ ಅವಳ ಕೂದಲನ್ನು ಬಿಗಿಯಾಗಿ ಜಡೆ ಹಾಕಿ ನೋಯಿಸುವುದು, ಏನೇನೋ. ಮೂರು ತಿಂಗಳಿನಿಂದ ನಾನು ಕೇಳಬೇಕೆಂದಿದ್ದ ಎಲ್ಲವೂ. ಆಮೇಲೆ ದನಿ ತಗ್ಗಿಸಿದಳು.

"ಅಪ್ಪ, ಇವತ್ತು ಹಲ್ಲು ಬಿದ್ದೋಯ್ತು. ಕೆಳಗಿಂದು. ಅಮ್ಮಂಗೆ ಹೇಳಿಲ್ಲ, ನೀನೂ ಹೇಳ್ಬೇಡ. ಕಂಪಾಸ್ ಬಾಕ್ಸಲ್ಲಿ ಇಟ್ಟಿದೀನಿ. ನೀನು ಬಂದ್ಮೇಲೆ ಸಗಣಿಯಲ್ಲಿಟ್ಟು ಮನೆ ಮೇಲೆ ಎಸೆಯೋಣ. ನಂಗೆ ಅಷ್ಟು ಮೇಲಕ್ಕೆ ಎಸೆಯಕ್ಕೆ ಬರಲ್ಲ. ಯಾವಾಗ ಬರ್ತೀಯ?"

ಕೇಳಿ ಸುಮ್ಮನಾದಳು. ಉತ್ತರಕ್ಕೆ ಕಾಯುತ್ತಿದ್ದಾಳೆಂದು ಯಾರಿಗಾದರೂ ಗೊತ್ತಾಗುವ ಮೌನ ಅದು. ನಾನು ಏನು ಮಾಡಿದೆ ಗೊತ್ತೇ? ಡ್ಯಾಶ್‌ಬೋರ್ಡಿನ ಹತ್ತಿರ ಬಾಗಿ, ಗಟ್ಟಿಯಾಗಿ, "ಸ್ಕೂಲ್ ಶುರುವಾಗೋ ಮುಂಚೆ ಬಂದೇ ಬರ್ತೀನಿ ಪುಟ್ಟಿ" ಎಂದೆ.

"ಗಾಡ್ ಪ್ರಾಮಿಸ್?"

"ಗಾಡ್ ಪ್ರಾಮಿಸ್."

ಸದ್ದು ನಿಂತಿತು. ಪರದೆಯ ಮೇಲೆ ಅವೇ ಅಕ್ಷರಗಳು. ಮೇ ತಿಂಗಳಿಡೀ ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಇದೆ, ಯಾರಿಗೂ ರಜೆ ಕೊಡುವುದಿಲ್ಲ ಎಂದು ಆ ಮಾತು ಆಡುವಾಗಲೇ ನನಗೆ ಗೊತ್ತಿತ್ತು. ಆದರೂ ಬಾಯಿಗೆ ಬಂದದ್ದು ಅದೇ.

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಆಮೇಲೆ ಮನೆಗೆ ಫೋನು ಮಾಡಿದೆ. ಉಷಾ ಎತ್ತಿದಳು. ನಿಧಿ ಎಲ್ಲಿ ಎಂದು ಕೇಳಿದೆ.

"ಮಂಚದ ಕೆಳಗೆ ಕೂತಿದಾಳೆ ಕಣ್ರೀ. ನಿಮ್ಮ ಆ ಹಳೇ ಮೊಬೈಲ್ ಇಟ್ಕೊಂಡು ಒಬ್ಬಳೇ ವಟವಟ ಅಂತಿರ್ತಾಳೆ. ಸಿಮ್ಮೂ ಇಲ್ಲ, ಬ್ಯಾಟ್ರೀನೂ ಇಲ್ಲ ಅದಕ್ಕೆ."

"ಅವಳ ಹಲ್ಲು ಬಿದ್ದಿದೆಯಾ ನೋಡು" ಎಂದೆ.

"ಇಲ್ವಲ್ಲ. ಅಲ್ಲಾಡ್ತಿತ್ತು" ಎನ್ನುತ್ತಾ ಉಷಾ ಒಳಗೆ ಹೋದಳು. ಸ್ವಲ್ಪ ಗಲಾಟೆ ಕೇಳಿಸಿತು. ಮತ್ತೆ ಬಂದಾಗ ಅವಳ ದನಿ ಬದಲಾಗಿತ್ತು. "ಬಿದ್ದಿದೆ. ಕಂಪಾಸ್ ಬಾಕ್ಸಲ್ಲಿ ಬಚ್ಚಿಟ್ಟಿದಾಳೆ. ನನಗೇ ಗೊತ್ತಿಲ್ಲ, ನಿಮಗೆ ಯಾರು ಹೇಳಿದ್ರು?"

ನಾನು ಉತ್ತರ ಕೊಡುವ ಮೊದಲೇ ಫೋನು ಕೈ ಬದಲಾಯಿತು. ಮೂರು ತಿಂಗಳ ಮೇಲೆ ನನ್ನ ಮಗಳು ತಾನಾಗಿ ಫೋನು ಕಿತ್ತುಕೊಂಡಿದ್ದಳು. ಅವಳು ಅಳುತ್ತಿದ್ದಳು.

"ಹೇಳ್ಬೇಡ ಅಂದಿದ್ನಲ್ಲಪ್ಪ. ಅಮ್ಮಂಗೆ ಯಾಕೆ ಹೇಳ್ದೆ?"

ಇಷ್ಟು ಹೇಳಿ ಫೋನು ಬಿಟ್ಟು ಓಡಿಹೋದಳು. ನಾನು ಸನದ್‌ನ ಆ ಖಾಲಿ ರಸ್ತೆಯಲ್ಲಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು, ಮೊದಲೇ ಅಳಬೇಕಾಗಿದ್ದದ್ದನ್ನು ಆಗ ಅತ್ತೆ.

ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರೋ. ದೇವರಿಗೆ ಕಾಯಿ ಒಡೆಯುತ್ತಿದ್ದರು, ಇಲ್ಲವೇ ಪ್ರತಿ ಶುಕ್ರವಾರ ಅದೇ ಜಾಗದಲ್ಲಿ ಹೋಗಿ ಕೂತು ಕಾಯುತ್ತಿದ್ದರು. ನಾನು ಮಾಡಿದ್ದು ನನ್ನ ಕಸುಬು. ತಪ್ಪು ತೋರಿಸುವ ಮೀಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪರೀಕ್ಷಿಸದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಮಾರನೇ ದಿನವೇ ಕಾರನ್ನು ಸಿತ್ರಾಕ್ಕೆ ಒಯ್ದು ಆ ರೇಡಿಯೊ ತೆಗೆದುಕೊಡಿ ಎಂದೆ. ಕಾರಣ ಹೇಳಲಿಲ್ಲ. ಸುಧಾಕರಣ್ಣ ಗೊಣಗುತ್ತಲೇ ಡ್ಯಾಶ್‌ಬೋರ್ಡ್ ಬಿಚ್ಚಿದರು. ಒಳಗಿನಿಂದ ಕರಿಯ ಪೆಟ್ಟಿಗೆಯನ್ನು ಎಳೆದವರು ನನ್ನ ಮುಖ ನೋಡಿದರು.

"ನೋಡಿ ಸರ್, ಇದಕ್ಕೆ ಸ್ಯಾಟಲೈಟ್ ಆಂಟೆನಾದ ವೈರೇ ಕೊಟ್ಟಿಲ್ಲ. ಯಾವಾಗಲೋ ತುಂಡು ಮಾಡಿದ್ದಾರೆ. ಇದು ಕಿವಿಯೇ ಇಲ್ಲದೆ ಹುಡುಕುತ್ತಾ ಇದ್ದದ್ದು."

ಅದನ್ನು ಕಾರ್ಖಾನೆಯ ಲ್ಯಾಬಿಗೆ ಒಯ್ದೆ. ಊಟದ ವೇಳೆಯಲ್ಲಿ ಒಂದು ವಾರ ಅದರ ಮುಂದೆ ಕೂತೆ. ಕವಚ ತೆಗೆದೆ, ಬೋರ್ಡು ತೆಗೆದೆ, ಒಂದೊಂದು ಬಿಂದುವನ್ನೂ ಅಳೆದೆ. ಎಲ್ಲವೂ ಇರಬೇಕಾದಷ್ಟೇ ಇತ್ತು. ಮತ್ತೆ ಜೋಡಿಸಿದಾಗ ಪರದೆ ಹೊತ್ತಿಕೊಳ್ಳಲಿಲ್ಲ. ನಾನು ಬಿಚ್ಚುವಾಗ ಎಲ್ಲೋ ಎಳೆಯಷ್ಟು ತಾಮ್ರ ಕಿತ್ತುಹೋಗಿತ್ತು. ಎಷ್ಟು ಪ್ರಯತ್ನಿಸಿದರೂ ಅದು ಇನ್ನು ಹುಡುಕುವುದನ್ನೂ ಮಾಡಲಿಲ್ಲ. ಕಾರಿಗೆ ಮಾರ್ಕೆಟ್ಟಿನ ಒಂದು ಸಾಮಾನ್ಯ ರೇಡಿಯೊ ಕೂಡಿಸಿಕೊಂಡೆ.

ರಜೆ ಸಿಗಲಿಲ್ಲ. ಮ್ಯಾನೇಜರನ ಮುಂದೆ ಎರಡು ಸಲ ನಿಂತೆ. ಮಗಳ ಹಲ್ಲು ಎಂದು ಹೇಳಲು ಬಾಯಿ ಬರಲಿಲ್ಲ, ಮನೆಯ ತುರ್ತು ಎಂದಷ್ಟೇ ಹೇಳಿದೆ, ಆತ ಶಟ್‌ಡೌನ್ ಮುಗಿಯಲಿ ಎಂದ. ಶಾಲೆ ಶುರುವಾಗುವ ಹಿಂದಿನ ದಿನ ನಿಧಿ ಸಂಜೆಯವರೆಗೂ ಬಾಗಿಲಲ್ಲಿ ಕೂತಿದ್ದಳಂತೆ. ಕತ್ತಲಾಗುವ ಮೊದಲು ಹಿಂದಿನ ಮನೆಯಿಂದ ತಾನೇ ಸಗಣಿ ತಂದು, ಹಲ್ಲನ್ನು ಅದರಲ್ಲಿಟ್ಟು ಎಸೆದಳಂತೆ. ಮೂರು ಸಲ ಕೆಳಗೆ ಬಿದ್ದು ನಾಲ್ಕನೇ ಸಲ ಮೇಲೆ ಹೋಯಿತು ಎಂದು ಉಷಾ ಫೋನಿನಲ್ಲಿ ಹೇಳಿದಳು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಇದಕ್ಕೆಲ್ಲ ವಿವರಣೆ ಏನು? ಹಲ್ಲು ಅಲ್ಲಾಡುತ್ತಿದೆ ಎಂದು ಹಿಂದಿನ ವಾರದ ಫೋನಿನಲ್ಲಿ ತಾನು ನನಗೆ ಹೇಳಿರಬೇಕು, ನಾನು ಕಾರಿನಲ್ಲಿ ತೂಕಡಿಸಿ ಕನಸು ಕಂಡಿರಬೇಕು ಎಂದು ಉಷಾ ಹೇಳುತ್ತಾಳೆ. ಇರಬಹುದು. ಆದರೆ ಕಂಪಾಸ್ ಬಾಕ್ಸು? ಹೇಳಬೇಡ ಎಂದಿದ್ದೆನಲ್ಲ ಎಂದು ಮಗು ಅತ್ತದ್ದು? ನಿಧಿಯನ್ನು ಕೇಳೋಣವೆಂದರೆ ಈಗ ಅವಳು ಕಾಲೇಜಿಗೆ ಹೋಗುವ ಹುಡುಗಿ, ಅವಳಿಗೆ ಯಾವುದೂ ನೆನಪಿಲ್ಲ. ನಾನು ಹೇಳಿದರೆ ನಗುತ್ತಾಳೆ, ನಾನು ಹಿಂದೆ ನಗುತ್ತಿದ್ದ ಹಾಗೆಯೇ. ನಾನು ಎಷ್ಟೋ ಲೆಕ್ಕ ಹಾಕಿ ನೋಡಿದ್ದೇನೆ, ಎಲ್ಲಿಯೂ ಕೂಡಿ ಬಂದಿಲ್ಲ.

ಆದರೆ ಆ ವರ್ಷ ಸೆಪ್ಟೆಂಬರಿನಲ್ಲಿ, ಕೊನೆಗೂ ಮೂರು ವಾರದ ರಜೆಗೆ ಹೋದಾಗ, ಅವಳಿಗೆ ಎಲ್ಲವೂ ನೆನಪಿತ್ತು. ಮೊದಲ ಎರಡು ದಿನ ನನ್ನ ಹತ್ತಿರ ಬರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ನೆಂಟರಿಗೆ ಕೊಡುವಂಥದ್ದು. ಮೂರನೇ ದಿನ ಮಧ್ಯಾಹ್ನ ನಾನು ನೆಲದ ಮೇಲೆ ಮಲಗಿದ್ದಾಗ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. ಹೊಸ ಹಲ್ಲು ಅರ್ಧ ಬಂದಿತ್ತು. ಆ ಹಳೇ ಮೊಬೈಲ್ ಎಲ್ಲಿ, ಈಗ ಅದರಲ್ಲಿ ನನಗೆ ಫೋನು ಮಾಡುವುದಿಲ್ಲವೇ ಎಂದು ಕೇಳಿದೆ.

"ಮಾಡ್ತಾನೇ ಇದ್ದೆ. ತುಂಬ ದಿನ ಮಾಡ್ದೆ. ನೀನೇ ಎತ್ತಲಿಲ್ಲ" ಎಂದಳು.

ಅವಳ ಅಪ್ಪ ಆ ರೇಡಿಯೊವನ್ನೇ ಬಿಚ್ಚಿ ಹಾಕಿದ್ದ ಎಂದು ಹೇಳುವ ಧೈರ್ಯ ನನಗೆ ಆಗ ಬರಲಿಲ್ಲ. ಇಂದಿಗೂ ಬಂದಿಲ್ಲ.