ಸೋಸಲೆ ರಸ್ತೆಯಲ್ಲಿ ದಿಕ್ಕು ತಪ್ಪಿದ್ದು

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ನನಗೆ ನಲವತ್ತಾರು. ಟಿ. ನರಸೀಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬೆಳಿಗ್ಗೆ ಸೋಸಲೆಯಿಂದ ಬಸ್ಸಿನಲ್ಲಿ ಬಂದು ಕೂತರೆ ಸಂಜೆಯವರೆಗೂ ಮೆಷಿನ್ ಮುಂದೆಯೇ.

"ದಿನಾ ಮುಕ್ಕಾಲು ಗಂಟೆ ನಡೀರಿ" ಎಂದರು ಡಾಕ್ಟರಮ್ಮ.

"ದಿನವೆಲ್ಲ ಪೆಡಲ್ ತುಳಿತೀನಲ್ಲ ಮೇಡಂ, ಅದು ಲೆಕ್ಕಕ್ಕಿಲ್ವಾ?"

"ಅದು ಸಾಲಲ್ಲ. ಮೈ ಬೆವರಬೇಕು."

ನನಗೆ ಅರ್ಥವಾಗಲಿಲ್ಲ. ನಮ್ಮವ್ವ ಜೀವನವಿಡೀ ಗದ್ದೆಯಲ್ಲಿ ಬಗ್ಗಿ ಬೆವರು ಸುರಿಸಿದವಳು. ಅವಳಿಗೂ ಇದೇ ಕಾಯಿಲೆ ಬಂದಿತ್ತು. ದುಡಿದವರಿಗೂ ಬರುತ್ತದೆ, ಕೂತವರಿಗೂ ಬರುತ್ತದೆ ಎಂದಮೇಲೆ ನಡೆದು ಏನಾಗಬೇಕು? ಆದರೂ ಹೆದರಿಕೆಗೆ, ಸಂಜೆ ಬಸ್ಸು ಬಿಟ್ಟು ಊರಿಗೆ ನಡೆದುಕೊಂಡೇ ಹೊರಟೆ.

ಮೊದಲ ದಿನವೇ ನಮ್ಮ ಬೀದಿಯವನೊಬ್ಬ ಬೈಕು ನಿಲ್ಲಿಸಿದ. "ಬಸ್ ತಪ್ಪೋಯ್ತಾ ಅಕ್ಕಾ? ಅತ್ಕೊ, ಬುಟ್ಬುಡ್ತೀನಿ." ವ್ಯಾಯಾಮ ಎನ್ನಲು ನಾಚಿಕೆಯಾಗಿ ಹತ್ತಿಬಿಟ್ಟೆ. ಮರುದಿನದಿಂದ ಯಾರು ಕರೆದರೂ ಹತ್ತಲಿಲ್ಲ. ವಾರ ಕಳೆಯುವಷ್ಟರಲ್ಲಿ, ಮನೆಯಲ್ಲಿ ಏನಾದರೂ ಜಗಳವೇ ಎಂದು ಬೀದಿಯವರು ನನ್ನ ಗಂಡನನ್ನು ಕೇಳಿದರಂತೆ.

ಮೂರನೇ ವಾರ ಮದುವೆ ಮನೆಯ ರವಿಕೆಗಳು ಬಂದವು. ಆ ದಿನ ಮಧ್ಯಾಹ್ನದ ಮಾತ್ರೆ ನುಂಗಿದೆ, ಹೊಲಿಗೆಯ ಅವಸರದಲ್ಲಿ ಊಟದ ಡಬ್ಬಿ ತೆರೆಯಲಿಲ್ಲ. ಸಂಜೆ ಎಂದಿನಂತೆ ಹೊರಟೆ. ಅರ್ಧ ದಾರಿಯಲ್ಲಿ ಕೈ ನಡುಗತೊಡಗಿತು, ಬೆವರು ಕಿತ್ತುಕೊಂಡು ಬಂತು. ಡಾಕ್ಟರಮ್ಮ ಹೇಳಿದ ಬೆವರು ಇದೇ ಇರಬೇಕೆಂದು ಇನ್ನೂ ಬಿರುಸಾಗಿ ನಡೆದೆ. ಸ್ವಲ್ಪ ಹೊತ್ತಿಗೆ, ಊರಿಗೆ ಹೋಗುತ್ತಿದ್ದೇನೋ ಅಂಗಡಿಗೆ ಹೋಗುತ್ತಿದ್ದೇನೋ ತಿಳಿಯದಾಯಿತು. ಎರಡೂ ಕಡೆ ಕಬ್ಬಿನ ಗದ್ದೆ. ಹಿಂದಕ್ಕೆ ತಿರುಗಿದೆ, ಮತ್ತೆ ಮುಂದಕ್ಕೆ ತಿರುಗಿದೆ.

ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಹೊರೆ ಇಳಿಸಿದಳು. "ಎಲ್ಲಿಗೋಗ್ಬೇಕವ್ವಾ?"

"ಕತ್ತರಿ ಕಾಣ್ತಿಲ್ಲ" ಎಂದೆನಂತೆ. ಅದು ನನಗೆ ನೆನಪಿಲ್ಲ.

ಅವಳು ನನ್ನ ಕತ್ತು ಮುಟ್ಟಿ ನೋಡಿದಳು. "ಶುಗರ್ ಐತಾ?" ತಲೆಯಾಡಿಸಿದೆ. ರಸ್ತೆ ಬದಿ ಕೂರಿಸಿ, ಒಂದು ಕಬ್ಬಿನ ಜಲ್ಲೆ ಮುರಿದು, ಕುಡುಗೋಲಿನಲ್ಲಿ ಸಿಗಿದು ಕೊಟ್ಟಳು.

"ನಾನು ಸಿಹಿ ತಿನ್ನಂಗಿಲ್ಲ."

"ಈಗ ತಿನ್ನು, ಆಮ್ಯಾಕೆ ಡಾಕ್ಟ್ರನ್ನ ಕೇಳು. ನಮ್ ಯಜಮಾನ್ರಿಗೂ ಇಂಗೇ ಆಯ್ತದೆ ಕಣವ್ವ."

ಜಗಿದು ರಸ ನುಂಗಿದೆ. ಕಾಲು ಗಂಟೆಯಲ್ಲಿ ರಸ್ತೆ ಮತ್ತೆ ನನ್ನ ರಸ್ತೆಯಾಯಿತು. ಅವಳು ಊರಿನವರೆಗೂ ಜೊತೆಗೆ ಬಂದಳು.

"ನಡೆದಿದ್ದು ತಪ್ಪಲ್ಲ. ಊಟ ಬಿಟ್ಟು ಮಾತ್ರೆ ನುಂಗಿ ನಡೆದಿದ್ದು ತಪ್ಪು" ಎಂದರು ಮರುದಿನ ಡಾಕ್ಟರಮ್ಮ. "ಶುಗರ್ ತೀರಾ ಇಳಿದುಬಿಟ್ಟಿತ್ತು. ಬ್ಯಾಗಲ್ಲಿ ಒಂದಿಷ್ಟು ಸಕ್ಕರೆ ಇಟ್ಕೊಂಡಿರಿ."

ಸಕ್ಕರೆ ಮುಟ್ಟಬೇಡಿ ಎಂದು ಚೀಟಿ ಬರೆದವರೂ ಅವರೇ. ಎರಡನ್ನೂ ಒಪ್ಪಿಕೊಂಡು ಬಂದೆ.

ನಾಲ್ಕು ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿದಿತ್ತು. ಡಾಕ್ಟರಮ್ಮ ಒಂದು ಮಾತ್ರೆ ಕಡಿಮೆ ಮಾಡಿ, ನಡಿಗೆಯ ಫಲ ಎಂದರು. ಅತ್ತೆ ತಾವು ಕೊಟ್ಟ ಮೆಂತ್ಯದ ನೀರಿನದು ಎಂದರು. ಗಂಡ, ಅನ್ನ ಕಮ್ಮಿ ಮಾಡಿದ್ದರಿಂದ ಎಂದ. ನನಗೆ ಈಗಲೂ ಗೊತ್ತಿಲ್ಲ. ನಿನ್ನೆ ಮಳೆಗೆ ಹೆದರಿ ಬಸ್ಸು ಹತ್ತಿದೆ. ಕೂತಲ್ಲಿ ಕೂರಲಾಗದೆ ಒಂದು ಸ್ಟಾಪು ಮೊದಲೇ ಇಳಿದು, ನೆನೆಯುತ್ತಲೇ ಮನೆಗೆ ನಡೆದೆ.