ಎರಡನೇ ಬಟ್ಟಲಿನ ಅಡಿಕೆ

ರಿಪ್ಪನ್‌ಪೇಟೆ ಕಡೆಯ ನರ್ಸ್ ಮಾಸ್ತಮ್ಮ ಬಸುರಿಯರಿಗೆ ಮಾತ್ರೆಯ ಜೊತೆ ಎರಡು ಬಟ್ಟಲಿನ ಪಾಠವನ್ನೂ ಹೇಳುತ್ತಾರೆ. ಒಂದರಲ್ಲಿ ಹತ್ತು ಅಡಿಕೆ. ಮಗು ಒದ್ದಾಗಲೆಲ್ಲ ಒಂದೊಂದನ್ನು ಖಾಲಿ ಬಟ್ಟಲಿಗೆ ಹಾಕಬೇಕು. ಎರಡು ಗಂಟೆಯೊಳಗೆ ಹತ್ತೂ ದಾಟಬೇಕು. ಇಲಾಖೆ ಕೊಟ್ಟ ಚಾರ್ಟು ಒಲೆ ಹೊತ್ತಿಸಲು ಹೋಗುತ್ತದೆ. ಅಡಿಕೆಯನ್ನು ಯಾರೂ ಎಸೆಯುವುದಿಲ್ಲ.

ಈ ಉಪಾಯದ ಬಗ್ಗೆ ಅವರಿಗೆ ಹೆಮ್ಮೆಯಿದ್ದ ಕಾಲವೊಂದಿತ್ತು. ಸಭೆಯೊಂದರಲ್ಲಿ ಭಾಷಣವನ್ನೂ ಬಿಗಿದಿದ್ದರು. ಅದಾಗಿ ತಿಂಗಳಿಗೆ ಹೂವಮ್ಮ ಎಂಬ ಬಸುರಿಯ ಮನೆಗೆ ಹೋದರೆ, ಹತ್ತೂ ಅಡಿಕೆ ಎರಡನೇ ಬಟ್ಟಲಿನಲ್ಲಿದ್ದವು. ಹೂವಮ್ಮ ನಿದ್ದೆಯಲ್ಲಿದ್ದಳು. ಎಬ್ಬಿಸದೆ, ‘ಮಗು ಚುರುಕಾಗಿದೆ’ ಎಂದು ಬರೆದುಕೊಂಡು ಬಂದರು. ಕಸ ಗುಡಿಸುವಾಗ ಅತ್ತೆ ಅಡಿಕೆಯನ್ನೆಲ್ಲ ಒಂದೇ ಬಟ್ಟಲಿಗೆ ಎತ್ತಿಟ್ಟಿದ್ದರೆಂದು ಗೊತ್ತಾದದ್ದು ಮೂರನೇ ದಿನ, ಹುಟ್ಟಿದ ಮಗು ಅಳದಿದ್ದಾಗ. ಹನ್ನೊಂದು ವರ್ಷವಾಯಿತು. ಬಟ್ಟಲಿಗೆ ಏನಾದರೂ ಬಿದ್ದ ಸದ್ದಾದರೆ ಮಾಸ್ತಮ್ಮ ಈಗಲೂ ತಿರುಗಿ ನೋಡುತ್ತಾರೆ.

ಮೊನ್ನೆ ಎಂಟು ತಿಂಗಳ ಬಸುರಿ ಯಶಸ್ವಿನಿಯ ಮನೆಯಲ್ಲೂ ಹತ್ತೂ ಅಡಿಕೆ ದಾಟಿದ್ದವು.

“ಎಲ್ಲಾ ನೀನೇ ಹಾಕಿದ್ಯಾ?”

“ಇಲ್ಲಕ್ಕ, ಎರಡು ಗಂಟೇಲಿ ನಾಲ್ಕೇ. ಉಳಿದಿದ್ದು ಮಾವ...”

ಮಾವ ನಾಗರಾಜಪ್ಪ ಸೊಸೈಟಿಯ ಮಾಜಿ ಅಧ್ಯಕ್ಷರು. “ನಮ್ಮನೆ ಕೂಸು ಹತ್ತಕ್ಕೆ ಕಮ್ಮಿ ಒದೀತದಾ ಸಿಸ್ಟರೇ? ನಾನೇ ಪಾಸ್ ಮಾಡ್ದೆ.”

ಮಾಸ್ತಮ್ಮ ಯಶಸ್ವಿನಿಯನ್ನು ಎಡಮಗ್ಗುಲಿಗೆ ಮಲಗಿಸಿದರು. ಯಶಸ್ವಿನಿಯ ಗಂಡ ಪೂರ್ಣೇಶನಿಗೆ ಫೋನು ಹೋಯಿತು. ಅವನು ಕಾರು ತರಲು ಮುಕ್ಕಾಲು ಗಂಟೆ. ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರನ್ನು ಹೊಟ್ಟೆಯ ಮೇಲೆ ಇಟ್ಟರು. ನೂರ ಮೂವತ್ತು. ಏರಲಿಲ್ಲ, ಇಳಿಯಲಿಲ್ಲ.

“ಬಡೀತಾ ಇದ್ಯಲ್ಲ, ಮತ್ತೆಂತ?” ಎಂದರು ನಾಗರಾಜಪ್ಪ.

“ಬಡಿದ್ರೆ ಸಾಲ್ದು ಮಾರಾಯ್ರೇ. ಮಲಗಿದ್ರೆ ಹೀಗೇ ಒಂದೇ ಸಮ ಇರ್ತದೆ. ಎದ್ದು ಕೈಕಾಲು ಆಡಿಸಿದ್ರೆ ಬಡಿತ ಏರ್ಬೇಕು, ರಕ್ತ ಜೋರು ಓಡ್ಬೇಕು. ಏರದೇ ಇದ್ರೆ ಅದು ಬರೀ ನಿದ್ದೆ ಅಂತ ನಾನು ಹೇಳಲ್ಲ.”

ಹತ್ತು ನಿಮಿಷ. ಇಪ್ಪತ್ತು. ಡಾಪ್ಲರಿನ ಸದ್ದಿನ ಹಿಂದೆ ಮಾಸ್ತಮ್ಮನಿಗೆ ಇನ್ನೊಂದು ಹೊಟ್ಟೆಯ ಮೌನ ಕೇಳುತ್ತಿತ್ತು. ನಾಗರಾಜಪ್ಪ ಅಂಗಳಕ್ಕೆ ಹೋಗಿ, ಅಧ್ಯಕ್ಷಗಿರಿಯನ್ನು ಅಲ್ಲೇ ಬಿಟ್ಟು ಬಂದು, ಬಾಗಿಲ ಬಳಿ ನೆಲಕ್ಕೆ ಕುಳಿತರು.

ಮೂವತ್ತೆಂಟನೇ ನಿಮಿಷಕ್ಕೆ ಹೊಟ್ಟೆಯ ಬಲಗಡೆ ಉಬ್ಬಿತು. ನೂರ ಐವತ್ತೆರಡು.

“ಎದ್ತು ಅಕ್ಕ!” ಯಶಸ್ವಿನಿ ಅಳುತ್ತಿದ್ದಳು.

“ಎದ್ರೂ ಸಾಗರದ ಆಸ್ಪತ್ರೆಗೆ ಹೋಗಿ ತೋರಿಸ್ಲೇಬೇಕು” ಎಂದರು ಮಾಸ್ತಮ್ಮ. ಹೊರಗೆ ಕಾರಿನ ಹಾರ್ನ್ ಕೇಳಿತು.

ನಾಗರಾಜಪ್ಪ ಎದ್ದು, ತಾವು ಪಾಸ್ ಮಾಡಿದ್ದ ಅಡಿಕೆಯನ್ನೆಲ್ಲ ಮೊದಲ ಬಟ್ಟಲಿಗೆ ಸುರಿದರು. ಈಗ ಒದ್ದದ್ದಕ್ಕೆಂದು ಒಂದನ್ನು ಮಾತ್ರ ಹೆಕ್ಕಿ ಎರಡನೆಯದಕ್ಕೆ ಹಾಕಿದರು. ಟಣ್ ಎಂದಿತು.

ಮಾಸ್ತಮ್ಮ ತಿರುಗಿ ನೋಡಿದರು. ಬಾಗಿಲಲ್ಲಿ ಹೂವಮ್ಮನೂ ಇರಲಿಲ್ಲ, ಅವಳ ಅತ್ತೆಯೂ ಇರಲಿಲ್ಲ.