ಸತ್ತ ವೈದ್ಯೆ ಮತ್ತೆ ಮಾತಾಡಿದಾಗ

ಆಳಂದದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕೂತು ಬಾಹ್ಯಾಕಾಶದಲ್ಲಿ ತಪ್ಪು ಹಿಡಿಯುವುದು ನನ್ನ ಕೆಲಸ. ಮೊಬೈಲಿನಲ್ಲಿ ಕೇಳುವ ಒಂದು ದೊಡ್ಡ ವಿಜ್ಞಾನಕಥೆಯ ಧಾರಾವಾಹಿ ಅದು. ಹಲವು ಭಾಷೆಗಳಲ್ಲಿ ಬರುತ್ತದೆ, ಮಕ್ಕಳಿಗೆ ಅದರ ಚಿತ್ರಕಥೆ ಪುಸ್ತಕಗಳಿವೆ, ಆಡುವವರಿಗೊಂದು ಗೇಮ್ ಕೂಡ ಇದೆ. ಬರೆಯುವವರು ಹತ್ತಾರು ಮಂದಿ, ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಬ್ಬರು ಗ್ರಹಕ್ಕೆ ಎರಡು ಚಂದ್ರ ಕೊಟ್ಟರೆ ಇನ್ನೊಬ್ಬರು ಎರಡನ್ನೂ ಮರೆತು ಕಗ್ಗತ್ತಲು ಮಾಡುತ್ತಾರೆ. ಎಡಗಣ್ಣು ಕಳೆದುಕೊಂಡ ಕ್ಯಾಪ್ಟನ್ ಮುಂದಿನ ವಾರ ಅದೇ ಕಣ್ಣು ಹೊಡೆಯುತ್ತಾನೆ. ಇಂಥದ್ದನ್ನು ಕನ್ನಡದ ಬರಹದಲ್ಲೇ ಹಿಡಿದು ತಿದ್ದಲು ನನ್ನನ್ನು ಇಟ್ಟುಕೊಂಡಿದ್ದರು.

ಬೆಂಗಳೂರಿನ ಸಂಪಾದಕಿ ಮೊದಲೇ ನಿಯಮ ಹೇಳಿದ್ದರು. ಪ್ರಸಾರವಾದದ್ದೇ ನಿಜ. ಚಿತ್ರಕಥೆಯಲ್ಲಿರುವುದು ಅದಕ್ಕೆ ಅಡ್ಡ ಬರದಿದ್ದರೆ ನಿಜ. ಗೇಮಿನಲ್ಲಿ ನಡೆದದ್ದು ಆಡಿದವರಿಗಷ್ಟೇ ನಿಜ. ನಾನು ನಮ್ಮ ಕಡೆಯ ಮಾತಿನಲ್ಲಿ ಇದನ್ನು ಪಕ್ಕಾ, ಕಚ್ಚಾ ಎಂದು ಮಾಡಿಕೊಂಡೆ, ಕನ್ನಡದಲ್ಲಿ ಬರೆಯುವವರಿಗೂ ಹೇಳಿದೆ. ಈ ಕೆಲಸ ಹಿಡಿದ ಮೇಲೆ ಯಾರ ಮಾತನ್ನೂ ಸುಮ್ಮನೆ ನಂಬುವುದು ನಿಂತುಹೋಯಿತು. ಗಂಡ ಊಟಕ್ಕೆ ಕೂತು, "ನಿನ್ನೆ ಮಟಕಿ ಊರಿಗಿ ಹೋಗಿದ್ದೆ" ಎಂದರೆ ನನ್ನ ಬಾಯಿಂದ ತಾನಾಗಿಯೇ ಬರುತ್ತಿತ್ತು: "ಸರಸಂಬಾ ಅಂದಿದ್ರಲ್ರಿ?"

ನಮ್ಮ ಕಥೆಯ ನೌಕೆಯಲ್ಲಿ ಒಬ್ಬ ಮುದುಕಿ ವೈದ್ಯೆ ಇದ್ದಳು. ಹೊರಬಾಗಿಲು ಕಿತ್ತುಹೋದ ಕಂತಿನಲ್ಲಿ ಅವಳು ಸತ್ತಳು. ಆ ಬರಹವನ್ನು ನಾನೇ ನೋಡಿ ಕಳಿಸಿದ್ದೆ. ಕೆಲವು ವಾರಗಳ ನಂತರ ಅಫಜಲಪುರ ಕಡೆಯ ಬರಹಗಾರರೊಬ್ಬರ ಕಂತಿನಲ್ಲಿ ಅವಳು ಗಾಯಾಳುವಿನ ನಾಡಿ ಹಿಡಿದು ಬೈಯುತ್ತಿದ್ದಳು. ಅಳಿಸಿದೆ. ಮುಂದಿನ ಕಂತಿನಲ್ಲೂ ಬಂದಳು. ಮತ್ತೆ ಅಳಿಸಿದೆ. ಮತ್ತೆ ಬಂದಳು. ಮರೆವು ಇಷ್ಟು ಹಟ ಮಾಡುವುದಿಲ್ಲ. ನನ್ನ ಜಾಗದ ಮೇಲೆ ಅವರಿಗೆ ಕಣ್ಣಿದೆ, ಯಾವುದಾದರೂ ಒಂದು ತಪ್ಪು ನನ್ನ ಕಣ್ತಪ್ಪಿ ಹೋಗಲೆಂದು ಕಾಯುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮುಖ ನೋಡಿಯೇ ಕೇಳೋಣವೆಂದು ಫೋನು ಮಾಡಿ ಬಸ್ಸು ಹತ್ತಿದೆ.

ಅವರು ಸೊನ್ನದವರು, ಹೈಸ್ಕೂಲ್ ಮಾಸ್ತರರು. ಅಫಜಲಪುರ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ ಕಾಯುತ್ತಿದ್ದರು.

"ಸರ್ರ, ಸತ್ತಾಕೀನ್ನ ಯಾಕ ಎಬ್ಬಸಾಕತ್ತೀರಿ?" ಎಂದೆ.

"ಯಾರು ಸತ್ತಾರ್ರಿ ಅಕ್ಕಾರ? ಆಕಿ ಜೀವಂತ ಅದಾಳಲ್ರಿ. ನೀವ ಆಕೀನ್ನ ತಗದು ತಗದು ಒಗಿಯಾಕತ್ತೀರಿ. ಆ ಮುದುಕಿ ಮ್ಯಾಲ ನಿಮಗೇನ್ ಸಿಟ್ಟು?"

ಮೊಬೈಲ್ ತೆಗೆದು ಆ ಕಂತು ಹಚ್ಚಿ ಕಿವಿಗೆ ಹಿಡಿಯಲು ಕೊಟ್ಟರು. ಬಾಗಿಲು ಕಿತ್ತ ಸದ್ದು. ಕ್ಯಾಪ್ಟನ್ನಿನ ಅಳು. ಸಂಗೀತ. ಅದು ಇಳಿಯುವ ಹೊತ್ತಿಗೆ ಒಂದು ಉಸಿರು, ಆಮೇಲೆ ಸಣ್ಣ ದನಿಯಲ್ಲಿ, "ನೀರು."

ಬರಹದಲ್ಲಿ ಆ ಮಾತು ಇರಲಿಲ್ಲ. ನಾನು ಓದುತ್ತಿದ್ದೆನೇ ಹೊರತು ರೆಕಾರ್ಡಾದದ್ದನ್ನು ಕೇಳುವುದು ನನ್ನ ಪಾಲಿನ ಕೆಲಸವಾಗಿರಲಿಲ್ಲ.

"ಪ್ರಸಾರ ಆದದ್ದ ಖರೇ ಅಂತ ನೀವ ಅಲ್ರಿ ನಮಗ ಹೇಳಿದ್ದು?" ಎಂದು ಮಾಸ್ತರರು ನಕ್ಕರು. "ನನ್ನ ಮ್ಯಾಲ ಸಂಶೆ ಇದ್ರ ಆ ಮುದುಕಿಗಿ ದನಿ ಕೊಡೂ ಜೇವರ್ಗಿ ಅಮ್ಮಾರಿಗಿ ಕೇಳ್ರಿ."

ಆ ನಗು ನನಗೆ ಸರಿಬರಲಿಲ್ಲ. ದನಿ ಕೊಡುವವರು ಯಾರು, ಎಲ್ಲಿಯವರು ಎಂಬುದನ್ನು ಬರೆಯುವವರಿಗೆ ತಿಳಿಸುವ ಪದ್ಧತಿಯೇ ಇರಲಿಲ್ಲ. ವೈದ್ಯೆಯ ದನಿ ಜೇವರ್ಗಿಯದೆಂದು ಇವರಿಗೆ ಹೇಗೆ ಗೊತ್ತು?

ಮುಂದಿನ ವಾರ ಜೇವರ್ಗಿಗೆ ಹೋದೆ. ಆ ಅಮ್ಮ ಒಂದು ಕಾಲಕ್ಕೆ ನಾಟಕ ಕಂಪನಿಗಳಲ್ಲಿ ಹೆಸರು ಮಾಡಿದ್ದವರು. ಈಗ ಮಗಳ ಮನೆಯಲ್ಲಿದ್ದು, ಕರೆದಾಗ ಕಲಬುರಗಿಯ ಸ್ಟುಡಿಯೋಕ್ಕೆ ಹೋಗಿ ಬರುತ್ತಿದ್ದರು. ನಾನು ಬಂದ ಕಾರಣ ಕೇಳುವ ಮೊದಲೇ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟರು.

"ಅಮ್ಮಾರ, ಬರಹದಾಗ ಇಲ್ಲದ ಮಾತು ಯಾಕ ಆಡಿದ್ರಿ?"

"ಯಾವ ಮಾತು ಬೇ?"

"ಸತ್ತ ಮ್ಯಾಲ ನೀರು ಅಂದೀರಿ."

"ಬಾಯಿ ಒಣಗಿತ್ತು. ಸ್ಟುಡಿಯೋದವರಿಗಿ ನೀರ ಕೇಳಿದೆ. ಮಷೀನ್ ಚಾಲೂ ಇತ್ತೇನೋ, ನನಗೇನ್ ಗೊತ್ತು?"

ಮುಖದಲ್ಲಿ ಏನೂ ಸಿಗಲಿಲ್ಲ. ಜೀವನವಿಡೀ ಮುಖವನ್ನೇ ದುಡಿಸಿದವರು. ಮಾಸ್ತರರು ಗೊತ್ತೇ ಎಂದು ಕೇಳಿದೆ.

"ಸೊನ್ನದ ಹುಡುಗಾ? ಅವರಪ್ಪ ನಮ್ಮ ಕಂಪನ್ಯಾಗ ಪೇಟಿ ಬಾರಸ್ತಿದ್ದ. ಅಂವಾ ನನ್ನ ತೊಡಿ ಮ್ಯಾಲ ಆಡಿ ಬೆಳದಾಂವ."

"ಅಂದ್ರ ನೀವಿಬ್ಬರೂ ಮಾತಾಡಿಕೊಂಡ ಮಾಡೀರಿ."

"ರೊಟ್ಟಿ ಆರಾಕತ್ತೈತಿ, ಉಣ್ಣು" ಎಂದರು. ನಾನು ಎರಡು ತುತ್ತು ಉಂಡ ಮೇಲೆ ಅವರೇ ಮಾತು ತೆಗೆದರು. "ಸಾಯೂ ಪಾತ್ರ ನಾ ಭಾಳ ಮಾಡೇನಿ. ಪರದೆ ಬಿದ್ದ ಮ್ಯಾಲ ಎದ್ದು ಮಾರಿ ತೊಳಕೊಂಡ್ರ ಮರದಿನ ಮತ್ತ ನಾಟಕ ಇರ್ತಿತ್ತು. ಇದರಾಗ ಒಮ್ಮೆ ಸತ್ರ ಮತ್ತ ಕರಿಯೂದೇ ಇಲ್ಲಂತಲ್ಲ, ಖರೇನ?"

"ಹೌದ್ರಿ" ಎಂದೆ.

ತಿರುಗಿ ಬರುವಾಗ ಕಲಬುರಗಿಯಲ್ಲಿ ಇಳಿದು ಸ್ಟುಡಿಯೋಕ್ಕೂ ಹೋದೆ. ಅಂದು ಅಮ್ಮ ನೀರು ಕೇಳಿದ್ದರೇ ಎಂದು ವಿಚಾರಿಸಿದೆ. ರೆಕಾರ್ಡ್ ಮಾಡುವವರು ತಲೆ ಕೆರೆದುಕೊಂಡು, "ನೆಪ್ಪಿಲ್ರಿ ಮೇಡಂ. ಆದ್ರ ಅಮ್ಮಾರು ಎಂದೂ ನಮ್ಮ ನೀರ ಕುಡಿಯೂದಿಲ್ಲ. ತಮ್ಮ ಬಾಟ್ಲಿ ತಾವ ತರ್ತಾರ್ರಿ" ಎಂದರು.

ಆಳಂದದ ಬಸ್ಸಿನಲ್ಲಿ ಇದನ್ನೇ ತಿರುವಿ ಹಾಕುತ್ತ ಕೂತೆ. ಸಂಪಾದಕಿಗೆ ಏನೇನು ಹೇಳಬೇಕು? ನಿಯಮ ಕೇಳುವುದು ಏನು ಪ್ರಸಾರವಾಯಿತು ಎಂಬುದನ್ನು. ಯಾಕೆ ಎಂದು ಅದು ಕೇಳುವುದಿಲ್ಲ. ನಾನೂ ಅಷ್ಟನ್ನೇ ಹೇಳಿದೆ.

ಅವರು ಕಂತು ಕೇಳಿ ತಡಮಾಡದೆ ಫೋನು ಮಾಡಿದರು. "ಪ್ರಸಾರ ಆಗಿಹೋಗಿದೆಯಲ್ಲ, ಬದುಕಿದಾಳೆ ಅಂತಲೇ ಇಡಬೇಕು. ಆದರೆ ಬೇರೆ ಎಲ್ಲಾ ಭಾಷೆಗಳಲ್ಲೂ ಸತ್ತಿದಾಳಲ್ರೀ! ಏನು ಮಾಡೋದು?" ಆ ದನಿಯಲ್ಲಿ ನನ್ನ ಮೇಲೂ ಸ್ವಲ್ಪ ಅನುಮಾನವಿತ್ತು.

ವಿಷಯ ಮೇಲಿನವರ ತನಕ ಹೋಯಿತು. ಅವರು ಬಹಳ ದಿನ ಕಿತ್ತಾಡಿ ಕೊನೆಗೆ, ಬಾಗಿಲು ಕಿತ್ತಾಗ ವೈದ್ಯೆ ಪ್ರಜ್ಞೆ ತಪ್ಪಿದ್ದಳಷ್ಟೇ ಎಂದು ಎಲ್ಲ ಭಾಷೆಗಳಿಗೂ ತೀರ್ಮಾನ ಮಾಡಿದರು. ಚಿತ್ರಕಥೆಯವರು ಅವಳ ಹೆಣದ ಚಿತ್ರ ತೆಗೆದು ಹೊಸದು ಬರೆದರು. ಇತರ ಭಾಷೆಗಳಲ್ಲಿ ಆ ಪಾತ್ರ ಮುಗಿಸಿ ಕೂತಿದ್ದವರನ್ನೆಲ್ಲ ಮತ್ತೆ ಕರೆಸಿದರಂತೆ.

ಈಗ ನಾನು ಓದುವುದರ ಜೊತೆಗೆ ಕೇಳಲೂ ಬೇಕು. ವೈದ್ಯೆಯ ಕಂತುಗಳನ್ನು ಮಾಸ್ತರರೇ ಬರೆಯುತ್ತಾರೆ, ಚೆನ್ನಾಗಿ ಬರೆಯುತ್ತಾರೆ. ಅವರನ್ನೂ ಜೇವರ್ಗಿಯ ಅಮ್ಮನನ್ನೂ ನಾನು ಇಂದಿಗೂ ನಂಬಿಲ್ಲ. ಹೋದ ತಿಂಗಳು ಹೊಸ ಬರಹಗಾರರೊಬ್ಬರು ವೈದ್ಯೆಯನ್ನು ಜ್ವರದಲ್ಲಿ ಸಾಯಿಸಿ ಕಳಿಸಿದರು. ಕಥೆಗೆ ಅಡ್ಡ ಬರುವಂಥದ್ದು ಏನೂ ಅದರಲ್ಲಿರಲಿಲ್ಲ. ಆದರೂ ಇಡೀ ಮಧ್ಯಾಹ್ನ ಹಳೆಯ ಕಂತುಗಳನ್ನು ಕೆದಕಿ, ಆ ಗ್ರಹದಲ್ಲಿ ಅಂಥ ಜ್ವರ ಬರುವುದೇ ಇಲ್ಲವೆಂದು ಎಲ್ಲೋ ಒಂದು ಮಾತು ಹುಡುಕಿ ತೆಗೆದು, ಕಂತನ್ನು ವಾಪಸ್ ಕಳಿಸಿದೆ.